ಹವ್ಯಾಸಿ ಸಿಎನ್‌ಸಿಗೆ ಸ್ಟೆಪ್ಪರ್ ಮೋಟರ್: ನೇಮಾ 23 ಸಾಕಾ, 34 ಬೇಕಾ?

ಟಿಳಕವಾಡಿ_ಬಡಗಿ

ನಮಸ್ಕಾರ್ರಿ ಎಲ್ಲರಿಗೂ. ಊರು ಬೆಳಗಾವಿ, ಮನೆತನದ ಕೆಲಸ ಬಡಗಿತನ. ಬಾಗಿಲು ಚೌಕಟ್ಟು, ದೇವರ ಮಂಟಪ ಮಾಡುತ್ತೇವೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಹಿಂದಿನ ಕೋಣೆಯಲ್ಲಿ ಒಂದು ಸಿಎನ್‌ಸಿ ರೌಟರ್, ಅಂದರೆ ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಮಷೀನ್, ಕಟ್ಟುತ್ತಿದ್ದೇನೆ. ಸದ್ಯಕ್ಕೆ ಇದು ಹವ್ಯಾಸವೇ. ಮನೆಯಲ್ಲಿ ಮಾತ್ರ "ಬಿಸಿನೆಸ್‌ಗೆ" ಅಂತ ಹೇಳಿದ್ದೇನೆ.

60×60 ಚೌಕ ಪೈಪಿನ ಫ್ರೇಮ್ ವೆಲ್ಡ್ ಮಾಡಿಸಿ, ರೈಲ್ ಕೂರುವ ಜಾಗ ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಮಿಲ್ಲಿಂಗ್ ಮಾಡಿಸಿ ಆಗಿದೆ. 20 ಎಂಎಂ ಲೀನಿಯರ್ ರೈಲ್. ಮೂರೂ ಆಕ್ಸಿಸ್‌ಗೆ (ಉದ್ದ, ಅಗಲ, ಎತ್ತರ) 1605 ಬಾಲ್‌ಸ್ಕ್ರೂ, ಅಂದರೆ ನಟ್ ಒಳಗೆ ಗುಂಡು ಇರುವ ಉದ್ದ ತಿರುಪು, 16 ಎಂಎಂ ದಪ್ಪ, ಒಂದು ಸುತ್ತಿಗೆ 5 ಎಂಎಂ ಸರಿಸುತ್ತದೆ. ಗ್ಯಾಂಟ್ರಿ, ಅಂದರೆ ರೈಲ್ ಮೇಲೆ ಓಡುವ ಅಡ್ಡ ಸೇತುವೆ, ಅದರ ಎರಡೂ ಬದಿಗೆ ಒಂದೊಂದು ಸ್ಕ್ರೂ, ಹಾಗಾಗಿ ಒಟ್ಟು ನಾಲ್ಕು ಮೋಟರ್. ಕೆಲಸದ ಜಾಗ 900×600. ಬಿಟ್ ತಿರುಗಿಸುವ ಸ್ಪಿಂಡಲ್ 1.5 ಕಿಲೋವ್ಯಾಟ್. ಗ್ಯಾಂಟ್ರಿ ಎಲ್ಲಾ ಸೇರಿ ಸುಮಾರು 18 ಕೆಜಿ.

ಕೆಲಸ ಅಂದರೆ ಸಾಗವಾನಿ ಕೆತ್ತನೆ, ಎಂಡಿಎಫ್, ಪ್ಲೈವುಡ್, ಅಕ್ರಿಲಿಕ್ ಹೆಸರಿನ ಬೋರ್ಡು. ಎಂದೋ ಒಮ್ಮೆ ಅಲ್ಯೂಮಿನಿಯಂ.

ಈಗ ಸ್ಟೆಪ್ಪರ್ ಮೋಟರ್, ಅಂದರೆ ಒಂದೊಂದೇ ಹೆಜ್ಜೆಯಾಗಿ ತಿರುಗುವ ಮೋಟರ್, ಅದರ ಹತ್ತಿರ ಬಂದು ನಿಂತಿದ್ದೇನೆ. ಗೆಳೆಯ ಒಬ್ಬ ನೇಮಾ 17 ಸಾಕು ಅನ್ನುತ್ತಾನೆ. ಮಾರುವವರು ಒಬ್ಬರು ಸೀದಾ ನೇಮಾ 34, 8.5 ನ್ಯೂಟನ್ ಮೀಟರ್ ತಗೊಳ್ಳಿ, ದೊಡ್ಡದು ಹಾಕಿದರೆ ಮುಂದೆ ಚಿಂತೆ ಇಲ್ಲ ಅನ್ನುತ್ತಾರೆ. ಮಧ್ಯದಲ್ಲಿ ನೇಮಾ 23 ಇದೆ. ಅದರಲ್ಲೂ 1.26, 1.9, 3 ನ್ಯೂಟನ್ ಮೀಟರ್ ಅಂತ ಬಗೆಬಗೆ. ಯಾವುದು ತಗೊಳ್ಳಲಿ?

ಖಾನಾಪುರರೋಡ್

ಅಣ್ಣಾ, ನಮ್ಮ ಕಾಲೇಜು ಲ್ಯಾಬಿನಲ್ಲಿ 3018 ಮಷೀನ್ ಇದೆ. ಅದರಲ್ಲಿ ನೇಮಾ 17 ಇದೆ, ಎಂಡಿಎಫ್ ಕೆತ್ತುತ್ತದೆ. ಆದರೆ ಅದು ಅಂಗೈ ಅಗಲದ ಮಷೀನ್. 18 ಕೆಜಿ ಗ್ಯಾಂಟ್ರಿ ನೋಡಿದರೆ ಪಾಪ ಅನಿಸುತ್ತೆ. 34 ಅಂದರೆ ತುಂಬಾ ಜಾಸ್ತಿ ಆಗಲ್ವಾ? ನನಗೂ ಗೊತ್ತಿಲ್ಲ, ಉತ್ತರ ನೋಡಲು ಇಲ್ಲೇ ಕೂತಿರುತ್ತೇನೆ.

ಫೌಂಡ್ರಿಕಾಕಾ

ತಮ್ಮಾ, ಮೊದಲು ಒಂದು ಮಾತು. ನೇಮಾ 17, 23, 34 ಅನ್ನುವ ನಂಬರಿಗೂ ಮೋಟರಿನ ತಾಕತ್ತಿಗೂ ನೇರ ಸಂಬಂಧ ಇಲ್ಲ. ಅದು ಮುಂದಿನ ಮುಖದ ಅಳತೆ ಅಷ್ಟೇ. 23 ಅಂದರೆ 2.3 ಇಂಚು, ಹೆಚ್ಚುಕಡಿಮೆ 57 ಎಂಎಂ. 17 ಅಂದರೆ 42 ಎಂಎಂ, 34 ಅಂದರೆ 86 ಎಂಎಂ. ಒಂದೇ ಮುಖದಲ್ಲಿ ಗಿಡ್ಡ ಮೋಟರೂ ಇರುತ್ತದೆ, ಉದ್ದದ್ದೂ ಇರುತ್ತದೆ. ಗಿಡ್ಡ 23ಕ್ಕಿಂತ ಉದ್ದ 23ಕ್ಕೆ ಮೂರು ಪಟ್ಟು ಟಾರ್ಕ್, ಅಂದರೆ ತಿರುಗಿಸುವ ಬಲ, ಇರಬಹುದು.

ಎರಡನೆಯದು, ಡಬ್ಬಿಯ ಮೇಲೆ ಬರೆದ 1.9, 3, 8.5 ಎಲ್ಲಾ ಹೋಲ್ಡಿಂಗ್ ಟಾರ್ಕ್. ಮೋಟರ್ ನಿಂತಲ್ಲೇ ನಿಂತಾಗ ಎಷ್ಟು ತಡೆದುಕೊಳ್ಳುತ್ತದೆ ಅನ್ನುವುದು. ನಿಂತ ಎತ್ತು ಎಷ್ಟು ತಡೆಯುತ್ತದೆ ಅನ್ನುವುದು ಬೇರೆ, ಓಡುತ್ತಾ ಎಷ್ಟು ಎಳೆಯುತ್ತದೆ ಅನ್ನುವುದು ಬೇರೆ. ನಿನ್ನ ಮಷೀನ್ ಓಡುತ್ತಾ ಕೆತ್ತಬೇಕಲ್ವಾ?

ಹಾಗಾಗಿ ನನಗೆ ಬೇಕಾದ ಉತ್ತರ ಒಂದೇ. ಎಷ್ಟು ಸ್ಪೀಡಿನಲ್ಲಿ ಓಡಿಸಬೇಕು ಅಂತಿದ್ದೀಯ? ಮಿನಿಟಿಗೆ ಎಷ್ಟು ಎಂಎಂ? ಅದನ್ನು ಹೇಳದೆ ಮೋಟರ್ ಕೇಳಬೇಡ.

ಟಿಳಕವಾಡಿ_ಬಡಗಿ

ಕಾಕಾ, ಸಾಗವಾನಿಯಲ್ಲಿ 1500 ರಿಂದ 2000 ಸಿಕ್ಕರೆ ಸಾಕು. ಖಾಲಿ ಓಡುವಾಗ 3000 ಎಂಎಂ ಬಂದರೆ ಸಂತೋಷ. ಅದಕ್ಕಿಂತ ಜಾಸ್ತಿ ಆಸೆ ಇಲ್ಲ.

ಮೈಕ್ರೋಸ್ಟೆಪ್

ಗೋಕಾಕದವನು, ಈಗ ಬೆಂಗಳೂರಲ್ಲಿ ಮೋಟರ್ ಡ್ರೈವ್‌ಗಳ ಜೊತೆ ಕೆಲಸ. ಕಾಕಾ ಹೇಳಿದ್ದನ್ನೇ ಸ್ವಲ್ಪ ಬಿಡಿಸುತ್ತೇನೆ.

3000 ಎಂಎಂಗೆ 5 ಎಂಎಂ ಲೀಡ್ (ಸ್ಕ್ರೂ ಸುತ್ತಿಗೆ ಸರಿಸುವ ದೂರ) ಅಂದರೆ 600 ಆರ್‌ಪಿಎಂ, ಮಿನಿಟಿಗೆ 600 ಸುತ್ತು. ಸ್ಟೆಪ್ಪರ್‌ಗೆ ಇದು ಕಮ್ಮಿ ಸ್ಪೀಡ್ ಅಲ್ಲ. 1.8 ಡಿಗ್ರಿ ಮೋಟರ್ ಸುತ್ತಿಗೆ 200 ಸ್ಟೆಪ್ ಹಾಕುತ್ತದೆ. ಸೆಕೆಂಡಿಗೆ 10 ಸುತ್ತು, ಅಂದರೆ 2000 ಸ್ಟೆಪ್. ಒಂದು ಸ್ಟೆಪ್‌ಗೆ ಸಿಗುವ ಸಮಯ ಅರ್ಧ ಮಿಲಿಸೆಕೆಂಡ್. ಅಷ್ಟರೊಳಗೆ ಕಾಯಿಲ್‌ನಲ್ಲಿ ಕರೆಂಟ್ ಏರಬೇಕು, ಇಳಿಯಬೇಕು, ದಿಕ್ಕು ಬದಲಿಸಬೇಕು.

ಕಾಯಿಲ್‌ಗೆ ಇಂಡಕ್ಟನ್ಸ್ ಇರುತ್ತದೆ. ಅದು ಕರೆಂಟ್ ಏರುವುದನ್ನು ತಡೆಯುತ್ತದೆ. ಒಂದು ಮೋಟರ್ 3 ಮಿಲಿಹೆನ್ರಿ (ಇಂಡಕ್ಟನ್ಸಿನ ಅಳತೆ), 2.8 ಆಂಪ್ಸ್ ಇದೆ ಎಂದುಕೊಳ್ಳಿ. 24 ವೋಲ್ಟ್ ಕೊಟ್ಟರೆ 2.8 ಆಂಪ್ಸ್ ಮುಟ್ಟಲು ಸುಮಾರು 0.35 ಮಿಲಿಸೆಕೆಂಡ್ ಬೇಕು. 48 ವೋಲ್ಟ್ ಕೊಟ್ಟರೆ ಅದರ ಅರ್ಧ ಸಾಕು. ಇದು ಮೋಟರ್ ನಿಂತಾಗಿನ ಲೆಕ್ಕ. ಓಡುವಾಗ ಮೋಟರೇ ಜನರೇಟರ್ ಆಗಿ ಎದುರು ವೋಲ್ಟೇಜ್ ಹುಟ್ಟಿಸುತ್ತದೆ, ಅದೂ ಕಳೆಯುತ್ತದೆ. 24 ವೋಲ್ಟ್‌ನಲ್ಲಿ 600 ಆರ್‌ಪಿಎಂಗೆ ಹೋದರೆ ಕರೆಂಟ್ ಪೂರ್ತಿ ಏರುವ ಮೊದಲೇ ಮುಂದಿನ ಸ್ಟೆಪ್ ಬಂದಿರುತ್ತದೆ. ಕರೆಂಟ್ ಇಲ್ಲದೆ ಟಾರ್ಕ್ ಎಲ್ಲಿಂದ ಬರಬೇಕು?

ಅದಕ್ಕೇ ಒಂದೇ ಮೋಟರ್ 24 ವೋಲ್ಟ್‌ನಲ್ಲಿ ಒಂದು ಥರ, 48ರಲ್ಲಿ ಬೇರೆಯೇ ಥರ ಕಾಣುತ್ತದೆ. ಮೋಟರ್ ಆರಿಸುವಾಗ ಜನ ನೋಡದೆ ಬಿಡುವ ಅಂಕಿ ಇದೇ ಮಿಲಿಹೆನ್ರಿ. ಸಿಎನ್‌ಸಿ ಜನರ ನಡುವೆ ಹಳೆಯ ಸೂತ್ರ ಒಂದಿದೆ. ಇಂಡಕ್ಟನ್ಸಿನ ವರ್ಗಮೂಲವನ್ನು 32ರಿಂದ ಗುಣಿಸಿದರೆ ಆ ಮೋಟರಿಗೆ ಕೊಡಬಹುದಾದ ಗರಿಷ್ಠ ವೋಲ್ಟೇಜ್ ಸಿಗುತ್ತದೆ. 3 ಮಿಲಿಹೆನ್ರಿಗೆ 55 ವೋಲ್ಟ್. ಅದಕ್ಕಿಂತ ಮೇಲೆ ಹೋದರೆ ಮೋಟರ್ ಸುಮ್ನೆ ಕಾಯುತ್ತದೆ, ಲಾಭ ಇಲ್ಲ.

8.5 ನ್ಯೂಟನ್ ಮೀಟರಿನ 34 ತಗೊಂಡು ಅದಕ್ಕೆ 36 ವೋಲ್ಟ್ ಕೊಟ್ಟರೆ ಏನಾಗುತ್ತದೆ ಅಂತ ಈಗ ನೀವೇ ಊಹಿಸಿ. ಅವುಗಳ ಇಂಡಕ್ಟನ್ಸ್ ಜಾಸ್ತಿ ಇರುತ್ತದೆ. 6 ಮಿಲಿಹೆನ್ರಿ ಅಂದರೆ ಸೂತ್ರದ ಪ್ರಕಾರ 78 ವೋಲ್ಟ್. ಅದಕ್ಕೆ 80 ವೋಲ್ಟಿನ ಡ್ರೈವರ್ (ಮೋಟರಿನ ಕಾಯಿಲ್‌ಗೆ ಕರೆಂಟ್ ಹಂಚುವ ಡಬ್ಬಿ) ಬೇಕು, ಆಂಪ್ಸೂ ಜಾಸ್ತಿ ಬೇಕು. ಮೋಟರ್ ಬೆಲೆ ಮಾತ್ರ ಹೇಳಿ ಮಾರುವವರು ಇದನ್ನು ಹೇಳುವುದಿಲ್ಲ.

ಲೇಥ್ಮಾಸ್ತರ

ಎಲ್ಲಾ ಸರಿ. ಆದರೆ 34 ಬೇಡ ಅಂತ ಇಷ್ಟು ಬೇಗ ತೀರ್ಮಾನ ಮಾಡಬೇಡಿ. ನನ್ನ ವರ್ಕ್‌ಶಾಪಿನಲ್ಲಿ ಹಳೆ ಮಿಲ್ಲಿಂಗ್ ಮಷೀನಿಗೆ 34 ಹಾಕಿ ಓಡಿಸುತ್ತಿದ್ದೇನೆ. ಬೀಡು ಕಡಿಯುತ್ತದೆ. ದೊಡ್ಡ ಮೋಟರ್ ಇದ್ದರೆ ಸ್ಟೆಪ್ ಮಿಸ್ ಆಗುವ ಭಯ ಇಲ್ಲ. ನಾಳೆ ಅವರು ದೊಡ್ಡ ಸ್ಪಿಂಡಲ್ ಹಾಕಿದರೆ ಮತ್ತೆ ಮೋಟರ್ ಬದಲಿಸಬೇಕಾ?

ಮೈಕ್ರೋಸ್ಟೆಪ್

ಮಾಸ್ತರ್ರೇ, ನಿಮ್ಮ ಮಿಲ್ಲಿಂಗ್ ಮಷೀನಿನ ಟೇಬಲ್ ಎಷ್ಟು ಸ್ಪೀಡಿನಲ್ಲಿ ಓಡುತ್ತದೆ? ಬೀಡು ಕಡಿಯುವಾಗ ಮಿನಿಟಿಗೆ 200, 300 ಎಂಎಂ ಇರಬೇಕು. ಅಲ್ಲಿ 34 ಸರಿಯಾದ ಜಾಗದಲ್ಲಿದೆ, ಅದರ ಬಗ್ಗೆ ತಕರಾರಿಲ್ಲ. ಒಂದಕ್ಕೊಂದು ಉಜ್ಜುವ ಡವ್‌ಟೇಲ್ ಗೈಡ್, ಭಾರದ ಟೇಬಲ್, ನಿಧಾನ ಫೀಡ್. ರೌಟರ್ ಹಾಗಲ್ಲ. ಮರದಲ್ಲಿ ನಿಧಾನಕ್ಕೆ ಓಡಿಸಿದರೆ ಬಿಟ್ ಉಜ್ಜಿ ಮರ ಕಪ್ಪಾಗುತ್ತದೆ.

ಇವರ ಮಷೀನಿಗೆ ನಿಜವಾಗಿ ಎಷ್ಟು ಬೇಕು ಅಂತ ಲೆಕ್ಕ ಹಾಕೋಣ, ಆಮೇಲೆ ಜಗಳ ಆಡೋಣ. ಬಡಗಿ ಅವರೇ, ಒಂದು ಕೆಲಸ ಮಾಡಿ. ಸ್ಕ್ರೂವಿನ ನಟ್ ಬಿಡಿಸಿ. ಗ್ಯಾಂಟ್ರಿಯನ್ನು ಬರೀ ರೈಲ್ ಮೇಲೆ ಎಳೆಯಲು ಎಷ್ಟು ಬಲ ಬೇಕು ನೋಡಿ. ಬಸ್ ಸ್ಟ್ಯಾಂಡಿನ ಹತ್ತಿರ ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿ ಮಾರುತ್ತಾರಲ್ಲ, ಅದು ಸಾಕು.

ಟಿಳಕವಾಡಿ_ಬಡಗಿ

ತಕ್ಕಡಿ ಮನೆಯಲ್ಲೇ ಇತ್ತು. ಗ್ಯಾಂಟ್ರಿ ಮಧ್ಯದ ಬೋಲ್ಟಿಗೆ ಸುತಳಿ ಕಟ್ಟಿ ಎಳೆದೆ. ಹೊರಡುವಾಗ 3 ಕೆಜಿ ಹತ್ತಿರ ತೋರಿಸಿ, ಓಡಲು ಶುರುವಾದ ಮೇಲೆ 2ರ ಆಸುಪಾಸು ನಿಲ್ಲುತ್ತದೆ. ಒಂದು ತುದಿಯಲ್ಲಿ, ಎಡಗಡೆ ಕಡೆಯ ಒಂದು ಗೇಣಿನಲ್ಲಿ ಮಾತ್ರ 5ಕ್ಕೆ ಏರುತ್ತದೆ.

ಫೌಂಡ್ರಿಕಾಕಾ

ಆ ಗೇಣು ಬಿಡಬೇಡ. ರೈಲ್ ಅಲ್ಲಿ ಪ್ಯಾರಲಲ್ ಇಲ್ಲ. ಎಡಗಡೆ ರೈಲಿನ ಬೋಲ್ಟ್ ಸಡಿಲ ಬಿಟ್ಟು, ಗ್ಯಾಂಟ್ರಿಯನ್ನು ಆ ತುದಿಗೆ ತಂದು ನಿಲ್ಲಿಸಿ, ಆಮೇಲೆ ಬಿಗಿ ಮಾಡು. ಡಯಲ್ ಗೇಜ್ ಇದ್ದರೆ ಬಲಗಡೆ ರೈಲಿನಿಂದ ಎಡಗಡೆ ರೈಲಿಗೆ ಓಡಿಸಿ ನೋಡು. ಮೋಟರ್ ಜೋರಿದ್ದರೆ ಅದು ಈ ತಪ್ಪನ್ನು ಮುಚ್ಚಿಬಿಡುತ್ತದೆ, ಬೇರಿಂಗ್ ಸವೆಯುತ್ತಾ ಹೋಗುತ್ತದೆ. 34 ಹಾಕಿದ್ದರೆ ನಿನಗೆ ಇದು ಗೊತ್ತೇ ಆಗುತ್ತಿರಲಿಲ್ಲ.

ಮೈಕ್ರೋಸ್ಟೆಪ್

ಕಾಕಾ ಹೇಳಿದ್ದು ಮೊದಲು ಮಾಡಿ. ಲೆಕ್ಕಕ್ಕೆ 3 ಕೆಜಿ ಇಟ್ಟುಕೊಳ್ಳೋಣ.

ಸ್ಕ್ರೂ ಮೇಲಿನ ಬಲವನ್ನು ಟಾರ್ಕ್ ಮಾಡಲು ಸೂತ್ರ ಸುಲಭ. ಬಲವನ್ನು (ನ್ಯೂಟನ್‌ನಲ್ಲಿ) ಲೀಡಿನಿಂದ (ಮೀಟರಿನಲ್ಲಿ) ಗುಣಿಸಿ. ಅದನ್ನು 6.28 ಗುಣಿಸು 0.9, ಅಂದರೆ 5.65ರಿಂದ ಭಾಗಿಸಿ. 0.9 ಅಂದರೆ ಬಾಲ್‌ಸ್ಕ್ರೂವಿನ ದಕ್ಷತೆ.

ಘರ್ಷಣೆ 30 ನ್ಯೂಟನ್. ಟಾರ್ಕ್ 0.027 ನ್ಯೂಟನ್ ಮೀಟರ್.

ಕಟಿಂಗ್ ಬಲ. 6 ಎಂಎಂ ಬಿಟ್ಟಿನಲ್ಲಿ ಮರಕ್ಕೆ 10 ಕೆಜಿ ಅಂದರೆ ಧಾರಾಳವಾಗಿ ಇಟ್ಟಂತೆ. ಸುಮಾರು 100 ನ್ಯೂಟನ್, ಟಾರ್ಕ್ 0.09.

ಇನ್ನು ಆಕ್ಸಿಲರೇಷನ್. ಸೆಕೆಂಡಿಗೆ ಸೆಕೆಂಡಿಗೆ 500 ಎಂಎಂ ಇಟ್ಟುಕೊಳ್ಳಿ. 18 ಕೆಜಿ ಗ್ಯಾಂಟ್ರಿಗೆ ಬೇಕಾದ ಬಲ ಬರೀ 9 ನ್ಯೂಟನ್! ಟಾರ್ಕ್ 0.008. ಎಲ್ಲರೂ ಹೆದರುವ ಗ್ಯಾಂಟ್ರಿ ತೂಕ ಲೆಕ್ಕಕ್ಕೇ ಬರುವುದಿಲ್ಲ. ಅದರ ಬದಲು ಸುತ್ತುವ ಸಾಮಾನು ನೋಡಿ. ಒಂದು ಮೀಟರ್ ಉದ್ದದ 16 ಎಂಎಂ ಸ್ಕ್ರೂ, ಒಂದೂವರೆ ಕೆಜಿ ಕಬ್ಬಿಣ. ಅದರ ಜೊತೆ ಮೋಟರಿನ ರೋಟರ್. ಇವೆರಡನ್ನೂ ಅಷ್ಟೇ ಬೇಗ ಸುತ್ತಿಸಲು 0.06 ಬೇಕು. ಗ್ಯಾಂಟ್ರಿಗೆ ಬೇಕಾದ್ದಕ್ಕಿಂತ ಏಳೆಂಟು ಪಟ್ಟು.

ಎಲ್ಲಾ ಸೇರಿ 0.19 ನ್ಯೂಟನ್ ಮೀಟರ್ ಆಸುಪಾಸು. ಎರಡು ಪಟ್ಟು ಇಟ್ಟರೂ 0.4. ಇದು ಒಂದೇ ಸ್ಕ್ರೂ ಎಲ್ಲವನ್ನೂ ಎಳೆದರೆ. ನಿಮಗೆ ಉದ್ದದ ಆಕ್ಸಿಸ್‌ನಲ್ಲಿ ಎರಡು ಸ್ಕ್ರೂ ಇವೆ.

ಈಗ 34ರ ವಿಷಯ. 8.5 ನ್ಯೂಟನ್ ಮೀಟರಿನ 34ರ ರೋಟರ್ ಜಡತ್ವ, 1.9ರ ನೇಮಾ 23ಕ್ಕಿಂತ ಐದಾರು ಪಟ್ಟು ಇರುತ್ತದೆ. ಆ ರೋಟರನ್ನು ಮಾತ್ರ ಇಷ್ಟೇ ಬೇಗ ಸುತ್ತಿಸಲು 0.17 ಬೇಕು. ಅಂದರೆ ಘರ್ಷಣೆ, ಕಟಿಂಗ್, ಗ್ಯಾಂಟ್ರಿ, ಸ್ಕ್ರೂ ಎಲ್ಲಕ್ಕೂ ಸೇರಿ ಬೇಕಾಗುವಷ್ಟು ಟಾರ್ಕನ್ನು ಮೋಟರ್ ತನ್ನನ್ನೇ ತಾನು ಸುತ್ತಿಕೊಳ್ಳಲು ಖರ್ಚು ಮಾಡುತ್ತದೆ.

ನನ್ನ ಆಯ್ಕೆ: ನೇಮಾ 23, 1.9 ನ್ಯೂಟನ್ ಮೀಟರ್, 76 ಎಂಎಂ ಉದ್ದದ್ದು, ನಾಲ್ಕೂ ಒಂದೇ. ಇಂಡಕ್ಟನ್ಸ್ 4 ಮಿಲಿಹೆನ್ರಿ ಒಳಗೆ ಇರಲಿ. ನಮ್ಮಲ್ಲಿ ಎಷ್ಟೋ ಕಡೆ ಕೆಜಿ ಸೆಂಟಿಮೀಟರಿನಲ್ಲಿ ಬರೆದಿರುತ್ತಾರೆ. 1.9 ಅಂದರೆ 19 ಕೆಜಿ ಸೆಂಟಿಮೀಟರ್.

ಲೇಥ್ಮಾಸ್ತರ

ಲೆಕ್ಕ ಒಪ್ಪಿದೆ. ಆದರೂ ನನ್ನ ಒಂದು ಮಾತು ಇದೆ. ಹಾಗಿದ್ದರೆ ಕ್ಲೋಸ್ಡ್ ಲೂಪ್ ಹಾಕಲಿ. ಹಿಂದೆ ಎನ್‌ಕೋಡರ್ (ಶಾಫ್ಟ್ ಎಷ್ಟು ತಿರುಗಿತು ಅಂತ ನೋಡುವ ಸಾಧನ) ಇರುವ ನೇಮಾ 23. ಸ್ಟೆಪ್ ತಪ್ಪಿದರೆ ಅದೇ ಸರಿಮಾಡಿಕೊಳ್ಳುತ್ತದೆ. ಆಗದಿದ್ದರೆ ಅಲಾರಂ ಕೊಟ್ಟು ನಿಲ್ಲುತ್ತದೆ. ಸಾಗವಾನಿ ಹಲಗೆಯ ಬೆಲೆ ಏನು ಅಂತ ಬಡಗಿಗೆ ಹೇಳಬೇಕಾ? ದೇವರ ಮಂಟಪದ ಬಾಗಿಲು ಅರ್ಧ ಕೆತ್ತಿದ ಮೇಲೆ ಎರಡು ಎಂಎಂ ಸರಿದರೆ ಆ ಹಲಗೆ ಒಲೆಗೆ.

ಮೈಕ್ರೋಸ್ಟೆಪ್

ಕ್ಲೋಸ್ಡ್ ಲೂಪ್ ಒಳ್ಳೆಯದೇ. ಮೋಟರ್ ತಣ್ಣಗೂ ಇರುತ್ತದೆ, ಯಾಕೆಂದರೆ ಲೋಡ್ ಇದ್ದಷ್ಟೇ ಕರೆಂಟ್ ಎಳೆಯುತ್ತದೆ. ಆದರೆ ಇರುವ ಟಾರ್ಕನ್ನು ಅದು ಜಾಸ್ತಿ ಮಾಡುವುದಿಲ್ಲ. ಮತ್ತೆ ಆ ಅಲಾರಂ ತಂತಿಯನ್ನು ಕಂಟ್ರೋಲರಿಗೆ ಕೊಡದಿದ್ದರೆ ಒಂದು ಮೋಟರ್ ನಿಂತಿರುತ್ತದೆ, ಉಳಿದ ಮೂರು ಓಡುತ್ತಲೇ ಇರುತ್ತವೆ. ಹಲಗೆ ಆಗಲೂ ಒಲೆಗೇ.

ನಾಲ್ಕು ಕ್ಲೋಸ್ಡ್ ಲೂಪ್ ಕಿಟ್‌ನ ದುಡ್ಡಿನಲ್ಲಿ ಸಾದಾ ಮೋಟರ್, ಒಳ್ಳೆ ಡ್ರೈವರ್, ಒಳ್ಳೆ ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ಡಿಸಿ ಮಾಡಿ ಕೊಡುವ ಡಬ್ಬಿ), ಶೀಲ್ಡ್ ಕೇಬಲ್ ಎಲ್ಲಾ ಬಂದು ಇನ್ನೂ ಉಳಿಯುತ್ತದೆ. ಮೊದಲ ಮಷೀನಿಗೆ ನಾನು ಇದನ್ನೇ ಹೇಳುತ್ತೇನೆ.

ಲೇಥ್ಮಾಸ್ತರ

ನಾನು ಕ್ಲೋಸ್ಡ್ ಲೂಪನ್ನೇ ಹೇಳುತ್ತೇನೆ. ಇಲ್ಲಿಗೆ ಬಿಡೋಣ, ದುಡ್ಡು ಅವರದು.

ವಡಗಾವಿ_ಮಗ್ಗ

ನಡುವೆ ಬಾಯಿ ಹಾಕುತ್ತೇನೆ. ಡ್ರೈವರ್ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ. ಹಸಿರು ಕನೆಕ್ಟರಿನ ಟಿಬಿ6600 ಅಂತ ಸೋವಿಯಾಗಿ ಸಿಗುತ್ತದಲ್ಲ, ಅದು ಸಾಕಾ? ನಾನೂ ಒಂದು ಚಿಕ್ಕದು ಕಟ್ಟುತ್ತಿದ್ದೇನೆ, ಮಗ್ಗದ ಮರದ ಬಿಡಿಭಾಗ ಕೊರೆಯಲು.

ಮೈಕ್ರೋಸ್ಟೆಪ್

ಟಿಬಿ6600 ಹೆಸರಲ್ಲಿ ಮಾರುವ ಎಷ್ಟೋ ಡಬ್ಬಿಗಳ ಒಳಗೆ ಆ ಚಿಪ್ಪೇ ಇರುವುದಿಲ್ಲ, ಬೇರೆ ಚಿಕ್ಕ ಚಿಪ್ ಇರುತ್ತದೆ. ಮೇಲೆ 42 ವೋಲ್ಟ್, 4 ಆಂಪ್ಸ್ ಅಂತ ಬರೆದಿದ್ದರೂ ನಾನಾದರೆ 24ರಿಂದ 30 ವೋಲ್ಟ್, 3 ಆಂಪ್ಸ್ ಒಳಗೇ ಇಡುತ್ತೇನೆ. ಬೆಲ್ಟಿನ ಚಿಕ್ಕ ಮಷೀನಿಗೆ, ನೇಮಾ 17ಕ್ಕೆ ಪರವಾಗಿಲ್ಲ.

ಬಡಗಿ ಅವರ ಮಷೀನಿಗೆ ಡಿಎಂ542 ಜಾತಿಯ ಡಿಜಿಟಲ್ ಡ್ರೈವರ್ ಸರಿ. 20ರಿಂದ 50 ವೋಲ್ಟ್, ಪೀಕ್ 4.2 ಆಂಪ್ಸ್. ಮಧ್ಯದ ಸ್ಪೀಡಿನಲ್ಲಿ ಮೋಟರ್ ನಡುಗಿ ಗೊರಗೊರ ಅನ್ನುವ ತೊಂದರೆಯೂ ಇದರಲ್ಲಿ ಕಮ್ಮಿ. ಅರ್ಡುಯಿನೋ ಅನ್ನುವ ಕಂಟ್ರೋಲರ್ ಬೋರ್ಡಿನ ಮೇಲೆ ಸಿಕ್ಕಿಸುವ ಎ4988, ಡಿಆರ್‌ವಿ8825 ಚಿಕ್ಕ ಬೋರ್ಡುಗಳನ್ನು 2.8 ಆಂಪ್ಸ್ ಮೋಟರಿಗೆ ಹಾಕಲೇ ಬೇಡಿ.

ಖಾನಾಪುರರೋಡ್

ಸರ್, ಮೋಟರ್ ಲೇಬಲ್ ಮೇಲೆ 2.8 ವೋಲ್ಟ್ ಅಂತಿದೆ ಕೆಲವದರಲ್ಲಿ. ಅದಕ್ಕೆ 48 ಕೊಟ್ಟರೆ ಸುಡಲ್ವಾ?

ಮೈಕ್ರೋಸ್ಟೆಪ್

ಸುಡಲ್ಲ. ಡ್ರೈವರ್ ವೋಲ್ಟೇಜನ್ನು ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಮಾಡಿ ಕರೆಂಟನ್ನು ಹಿಡಿದಿಡುತ್ತದೆ. ಜಾಸ್ತಿ ವೋಲ್ಟೇಜ್ ಇದ್ದರೆ ಆ ಕರೆಂಟ್ ಬೇಗ ಏರುತ್ತದೆ ಅಷ್ಟೇ. ಲೇಬಲ್ ಮೇಲಿನ ವೋಲ್ಟ್ ಅಂದರೆ ಆಂಪ್ಸ್ ಗುಣಿಸು ಓಮ್, ಅದನ್ನು ಮರೆತುಬಿಡಿ.

ಫೌಂಡ್ರಿಕಾಕಾ

ಎಸ್‌ಎಂಪಿಎಸ್ 48 ವೋಲ್ಟಿಂದೇ ತಗೋ ತಮ್ಮಾ. ಪಕ್ಕದಲ್ಲಿ ಚಿಕ್ಕ ತಿರುಪು ಇರುತ್ತದೆ, ಅದನ್ನು ತಿರುಗಿಸಿ 45ಕ್ಕೆ ಇಳಿಸು. ಮೀಟರ್ ಹಿಡಿದು ಮಾಡು, ಅಂದಾಜಿನಲ್ಲಿ ಬೇಡ. ಮೋಟರ್ ಗಕ್ಕನೆ ನಿಂತಾಗ ಕರೆಂಟ್ ವಾಪಸ್ ಬಂದು ವೋಲ್ಟೇಜ್ ಮೇಲೇರುತ್ತದೆ. 50ರ ಡ್ರೈವರಿಗೆ 48 ಕೊಟ್ಟರೆ ಅದಕ್ಕೆ ಜಾಗವೇ ಇರುವುದಿಲ್ಲ.

ಮೈಕ್ರೋಸ್ಟೆಪ್

ನಾನು 36 ಅನ್ನುತ್ತಿದ್ದೆ. ಅದೂ ಇವರ 600 ಆರ್‌ಪಿಎಂಗೆ ಸಾಕು, ನೆಮ್ಮದಿಯೂ ಇರುತ್ತದೆ. ಕಾಕಾ ಹೇಳಿದಂತೆ 45ಕ್ಕೆ ಇಳಿಸುವುದಾದರೆ ಅದೂ ಸರಿಯೇ. ಎರಡರಲ್ಲಿ ಯಾವುದು ಸಿಗುತ್ತದೋ ಅದು.

ಆಂಪ್ಸ್ ಲೆಕ್ಕ: ನಾಲ್ಕು ಮೋಟರ್ ಗುಣಿಸು 2.8 ಅಂದರೆ 11 ಆಂಪ್ಸ್ ಅಂತ ಹೆದರಬೇಡಿ. ಸಪ್ಲೈನಿಂದ ಅಷ್ಟು ಎಳೆಯುವುದಿಲ್ಲ. ಮೂರನೇ ಎರಡು ಭಾಗ ಇಟ್ಟುಕೊಂಡರೆ ಸಾಕು. 36 ವೋಲ್ಟ್ 10 ಆಂಪ್ಸ್, ಇಲ್ಲಾ 48 ವೋಲ್ಟಿನ 350 ವ್ಯಾಟ್. ಎಸ್‌ಎಂಪಿಎಸ್ ಬದಿಯಲ್ಲಿ 115, 230 ಅಂತ ಕೆಂಪು ಸ್ವಿಚ್ ಇದ್ದರೆ 230ರಲ್ಲಿದೆಯಾ ಅಂತ ನೋಡಿಯೇ ಪ್ಲಗ್ ಹಾಕಿ.

ಟಿಳಕವಾಡಿ_ಬಡಗಿ

ಮೋಟರ್, ಡ್ರೈವರ್ ಎಲ್ಲಾ ಬಂತು. ನೇಮಾ 23, 1.9, ನಾಲ್ಕು. ಲೇಬಲ್ ಮೇಲೆ 2.8 ಆಂಪ್ಸ್. ಈಗ ಡ್ರೈವರ್ ಪಕ್ಕದ ಚಿಕ್ಕ ಸ್ವಿಚ್ಚುಗಳ ಮುಂದೆ ಕೂತಿದ್ದೇನೆ. ಪೀಕ್ ಅಂತ ಒಂದು ಸಾಲು, ಆರ್‌ಎಂಎಸ್ ಅಂತ ಒಂದು ಸಾಲು. ಪೀಕ್ 2.84 ಎದುರಿಗೆ ಆರ್‌ಎಂಎಸ್ 2.03 ಇದೆ. ಪೀಕ್ 3.76 ಎದುರಿಗೆ 2.69 ಇದೆ. ನನ್ನ 2.8 ಯಾವ ಸಾಲಿನಲ್ಲಿ ಹುಡುಕಬೇಕು?

ಮೈಕ್ರೋಸ್ಟೆಪ್

ಆರ್‌ಎಂಎಸ್ ಸಾಲಿನಲ್ಲಿ. ಪೀಕ್ ಅಂದರೆ ಕರೆಂಟಿನ ಅಲೆಯ ತುದಿ, ಆರ್‌ಎಂಎಸ್ ಅಂದರೆ ಅದರ ಒಂದು ಥರದ ಸರಾಸರಿ. ಅಂದರೆ 3.76ರ ಸ್ವಿಚ್. ಆದರೆ ಶುರುವಿಗೆ ಪೀಕ್ 2.84ರಲ್ಲೇ ಇಟ್ಟು ಓಡಿಸಿ. ನಿಮ್ಮ ಲೋಡಿಗೆ ಅಷ್ಟೇ ಸಾಕಾಗಬಹುದು, ಮೋಟರ್ ತಣ್ಣಗಿರುತ್ತದೆ. ಸ್ಟೆಪ್ ತಪ್ಪಿದರೆ ಒಂದೊಂದೇ ಮೆಟ್ಟಿಲು ಮೇಲೇರಿಸಿ.

ನಾಲ್ಕನೇ ಸ್ವಿಚ್ ಆಫ್ ಇರಲಿ. ಮೋಟರ್ ಓಡದೆ ನಿಂತಾಗ ಕರೆಂಟ್ ಅರ್ಧಕ್ಕೆ ಇಳಿಯುತ್ತದೆ.

ಬಿಸಿಯ ಬಗ್ಗೆ ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾಳೆ ಕೇಳುತ್ತೀರಿ. ಕೈ ಇಡಲು ಆಗದಷ್ಟು ಬಿಸಿ ಆದರೂ ಸ್ಟೆಪ್ಪರ್‌ಗೆ ಮಾಮೂಲು. ಒಳಗಿನ ಇನ್ಸುಲೇಷನ್ ಸಾಮಾನ್ಯವಾಗಿ 130 ಡಿಗ್ರಿ ತಡೆಯುವ ಬಿ ಕ್ಲಾಸಿನದು. ಮೇಲೆ 60, 70 ಇದ್ದರೆ ಏನೂ ಆಗುವುದಿಲ್ಲ. 80 ದಾಟಿದರೆ ಮಾತ್ರ ಕರೆಂಟ್ ಇಳಿಸಿ.

ಮೈಕ್ರೋಸ್ಟೆಪ್ (ಒಂದು ಸ್ಟೆಪ್ಪನ್ನು ಎಷ್ಟು ತುಂಡು ಮಾಡಬೇಕು ಅನ್ನುವುದು) 8 ಇಡಿ, ಅಂದರೆ ಸುತ್ತಿಗೆ 1600 ಪಲ್ಸ್. ಒಂದು ಎಂಎಂಗೆ 320. ಅರ್ಡುಯಿನೋ ಉನೋ ಮೇಲೆ ಜಿಆರ್‌ಬಿಎಲ್ ಅನ್ನುವ ಸಿಎನ್‌ಸಿ ಸಾಫ್ಟ್‌ವೇರ್ ಸೆಕೆಂಡಿಗೆ 30 ಸಾವಿರ ಪಲ್ಸ್ ತನಕ ಕೊಡುತ್ತದೆ. 3000 ಎಂಎಂ ಸ್ಪೀಡಿಗೆ ನಿಮಗೆ ಬೇಕಿರುವುದು 16 ಸಾವಿರ. ನುಣುಪಾಗಲಿ ಅಂತ 16 ಇಟ್ಟರೆ 32 ಸಾವಿರ ಬೇಕಾಗುತ್ತದೆ, ಉನೋ ಸುಸ್ತಾಗುತ್ತದೆ. 32, 64 ಇಟ್ಟರೆ ನಿಖರತೆ ಹೆಚ್ಚುತ್ತದೆ ಅನ್ನುವುದೂ ಭ್ರಮೆ. 16ರಲ್ಲಿ ಒಂದು ಮೈಕ್ರೋಸ್ಟೆಪ್‌ಗೆ ಸಿಗುವ ಬಲ ಹೋಲ್ಡಿಂಗ್ ಟಾರ್ಕಿನ ಹತ್ತನೇ ಒಂದು ಭಾಗ. ಘರ್ಷಣೆ ಅದಕ್ಕಿಂತ ಜಾಸ್ತಿ ಇದ್ದರೆ ಶಾಫ್ಟ್ ಅಲುಗುವುದೇ ಇಲ್ಲ.

ಫೌಂಡ್ರಿಕಾಕಾ

ಮೇಲೆ ಕೆಳಗೆ ಓಡುವ ಝಡ್ ಆಕ್ಸಿಸ್ ಬಗ್ಗೆ ಯಾರೂ ಎತ್ತಲಿಲ್ಲ. ಕರೆಂಟ್ ಹೋದರೆ ಸ್ಪಿಂಡಲ್ ಕೆಳಗೆ ಜಾರುತ್ತದೆ. ಬಾಲ್‌ಸ್ಕ್ರೂ ಉಲ್ಟಾ ತಿರುಗುತ್ತದೆ, ಟ್ರೆಪಿಜಾಯ್ಡಲ್ ಸ್ಕ್ರೂವಿನ ಹಾಗೆ ಹಿಡಿದುಕೊಳ್ಳುವುದಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಹೊಸದೇನಲ್ಲ.

ಮೈಕ್ರೋಸ್ಟೆಪ್

ಹೌದು. 8 ಕೆಜಿಯ ಸ್ಪಿಂಡಲ್ ಮತ್ತು ಪ್ಲೇಟ್ 5 ಎಂಎಂ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸುವ ಟಾರ್ಕ್ 0.057. ಕರೆಂಟ್ ಇಲ್ಲದಾಗ ಮೋಟರ್ ತಾನೇ ಹಿಡಿಯುವ ಡಿಟೆಂಟ್ ಟಾರ್ಕೂ ಹತ್ತಿರ ಹತ್ತಿರ ಅಷ್ಟೇ. ನಿಲ್ಲಬಹುದು, ಜಾರಲೂಬಹುದು. ಬ್ರೇಕ್ ಇರುವ ಮೋಟರ್ ಸಿಗುತ್ತದೆ. ಇಲ್ಲದಿದ್ದರೆ ಮೇಲಕ್ಕೆ ಎಳೆಯುವ ಗ್ಯಾಸ್ ಸ್ಪ್ರಿಂಗ್ ಹಾಕಿ. ಮೋಟರಿಗೂ ಮೇಲೆತ್ತುವ ಭಾರ ಕಮ್ಮಿಯಾಗುತ್ತದೆ.

ಕರೆಂಟ್ ಇದ್ದೂ ಜಾರುವ ಇನ್ನೊಂದು ಬಗೆ ಇದೆ. ಡ್ರೈವರಿನ ಎನೇಬಲ್ ತಂತಿ ಕೊಟ್ಟಿದ್ದರೆ ಜಿಆರ್‌ಬಿಎಲ್ ಕೆಲಸವಿಲ್ಲದಾಗ ಮೋಟರ್‌ಗಳನ್ನು ಬಿಟ್ಟುಬಿಡುತ್ತದೆ. ಅದರ ಡಾಲರ್ 1 ($1) ಸೆಟ್ಟಿಂಗನ್ನು 255 ಮಾಡಿ, ಹಿಡಿದೇ ಇರುತ್ತದೆ.

ಫೌಂಡ್ರಿಕಾಕಾ

ಮಳೆಗಾಲ ಅಂದ ಮೇಲೆ ಇನ್ನೊಂದು. ಆಷಾಢದಲ್ಲಿ ಮಷೀನ್ ಸುಮ್ನೆ ನಿಲ್ಲಿಸಿದರೆ ಸ್ಕ್ರೂ, ರೈಲ್ ಮೇಲೆ ಕೆಂಪು ಹಿಡಿಯುತ್ತದೆ. ವಾರಕ್ಕೊಮ್ಮೆ ಎಣ್ಣೆ ಬಟ್ಟೆ ಆಡಿಸು. ಎಂಡಿಎಫ್ ಧೂಳು ತೇವಕ್ಕೆ ಮೆತ್ತಿಕೊಂಡರೆ ಆ 2 ಕೆಜಿ 4 ಆಗುತ್ತದೆ. ತಕ್ಕಡಿ ಎಸೆಯಬೇಡ.

ಖಾನಾಪುರರೋಡ್

ಗುಜರಿಯಲ್ಲಿ ಹಳೆ ಜೆರಾಕ್ಸ್ ಮಷೀನಿನ ಸ್ಟೆಪ್ಪರ್ ಸಿಕ್ಕಿವೆ. ಒಂದಕ್ಕೆ 6 ತಂತಿ, ಒಂದಕ್ಕೆ 8. ಲೇಬಲ್ ಅಳಿಸಿದೆ. ಕಾಲೇಜು ಪ್ರಾಜೆಕ್ಟಿಗೆ ಆಗುತ್ತಾ?

ವಡಗಾವಿ_ಮಗ್ಗ

ಆಗುತ್ತೆ ತಮ್ಮಾ, ಆದರೆ ಮೊದಲು ಜೋಡಿ ಹುಡುಕು. ಎರಡು ತಂತಿಯ ತುದಿ ಒಂದಕ್ಕೊಂದು ತಾಗಿಸಿ ಶಾಫ್ಟ್ ತಿರುಗಿಸು. ಬಿಗಿಯಾಗಿ ಕಟಕಟ ಅಂದರೆ ಅವೆರಡೂ ಒಂದೇ ಕಾಯಿಲಿನವು. 6 ತಂತಿಯದರಲ್ಲಿ ಮೂರು ಮೂರು ಗುಂಪು ಬರುತ್ತದೆ. ಮೀಟರಿನಲ್ಲಿ ಓಮ್ ನೋಡು. ಜಾಸ್ತಿ ಓಮ್ ತೋರಿಸುವ ಎರಡು ತುದಿಗಳು, ಮಧ್ಯದ್ದನ್ನು ಬಿಟ್ಟುಬಿಡು. 8ರದ್ದು ಬಂದರೆ ಮೈಕ್ರೋಸ್ಟೆಪ್ ಸರ್ ಹೇಳಬೇಕು.

ಮೈಕ್ರೋಸ್ಟೆಪ್

8 ತಂತಿಯನ್ನು ಪ್ಯಾರಲಲ್ ಜೋಡಿಸಿ. ಸೀರೀಸ್‌ನಲ್ಲಿ ಜೋಡಿಸಿದರೆ ಇಂಡಕ್ಟನ್ಸ್ ಪ್ಯಾರಲಲ್‌ಗಿಂತ ನಾಲ್ಕು ಪಟ್ಟು, ಸ್ಪೀಡಿನಲ್ಲಿ ಸತ್ತೇ ಹೋಗುತ್ತದೆ. ಪ್ಯಾರಲಲ್‌ಗೆ ಆಂಪ್ಸ್ ಮಾತ್ರ ಎರಡರಷ್ಟು ಬೇಕು. ಪ್ರತಿ ಅರ್ಧ ಕಾಯಿಲಿನ ದಿಕ್ಕು ಸರಿಯಾಗಿ ನೋಡಿಕೊಳ್ಳಿ. ಉಲ್ಟಾ ಆದರೆ ಒಂದನ್ನೊಂದು ಕೊಂದುಕೊಳ್ಳುತ್ತವೆ, ಶಾಫ್ಟ್ ತಿರುಗುವುದಿಲ್ಲ. ಲೇಬಲ್ ಇಲ್ಲದ ಮೋಟರ್ ಪ್ರಾಜೆಕ್ಟಿಗೆ ಸರಿ, ಸಾಗವಾನಿ ಕೆತ್ತಲು ಬೇಡ.

ಟಿಳಕವಾಡಿ_ಬಡಗಿ

ಮೂರು ಆಕ್ಸಿಸ್‌ನ ಮೋಟರ್‌ಗಳೂ ಓಡಿದವು. 3000ದಲ್ಲಿ ಖಾಲಿ ಓಡಿಸಿದೆ, ಸದ್ದು ಕೂಡ ಮೆತ್ತಗಿದೆ. ಪೀಕ್ 2.84ರಲ್ಲೇ. ರೈಲ್ ಸರಿಮಾಡಿದ ಮೇಲೆ ತಕ್ಕಡಿ ಎರಡೂ ತುದಿಗೆ 2 ತೋರಿಸುತ್ತದೆ.

ಒಂದು ತೊಂದರೆ. ಗ್ಯಾಂಟ್ರಿಯ ಎರಡು ಮೋಟರ್ ಇನ್ನೂ ಸ್ಕ್ರೂವಿನ ಕಪ್ಲಿಂಗ್‌ಗೆ ಜೋಡಿಸಿಲ್ಲ. ಎರಡೂ ಒಂದೇ ತುದಿಯಲ್ಲಿ, ಒಂದೇ ದಿಕ್ಕಿಗೆ ಮುಖ ಮಾಡಿವೆ. ಆದರೆ ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ ತಿರುಗುತ್ತದೆ. ಹೀಗೇ ಜೋಡಿಸಿದರೆ ಗ್ಯಾಂಟ್ರಿ ಸೊಟ್ಟ ಆಗುತ್ತದೆ ಅಲ್ವಾ?

ಲೇಥ್ಮಾಸ್ತರ

ಸೊಟ್ಟ ಆಗಿ ರೈಲ್ ಬ್ಲಾಕಿನ ಗುಂಡು ಹೊರಗೆ ಬರುತ್ತವೆ. ಜೋಡಿಸದೆ ನೋಡಿದ್ದು ಒಳ್ಳೆಯದಾಯಿತು.

ಮೈಕ್ರೋಸ್ಟೆಪ್

ಒಂದು ಮೋಟರಿನ ಎ, ಬಿ ಎರಡು ಕಾಯಿಲ್‌ಗಳಲ್ಲಿ ಒಂದರ ತಂತಿ ಮಾತ್ರ ಅದಲುಬದಲು ಮಾಡಿ. ಎ ಪ್ಲಸ್ ಇದ್ದಲ್ಲಿ ಎ ಮೈನಸ್. ಬಿ ಮುಟ್ಟಬೇಡಿ, ಎರಡನ್ನೂ ಬದಲಿಸಿದರೆ ಮತ್ತೆ ಮೊದಲಿನ ದಿಕ್ಕೇ ಬರುತ್ತದೆ. ಎಸ್‌ಎಂಪಿಎಸ್ ಆಫ್ ಮಾಡಿ, ಅದರ ಲೈಟ್ ಪೂರ್ತಿ ಆರಿದ ಮೇಲೆ ತಂತಿ ಬಿಚ್ಚಿ. ಓಡುತ್ತಿರುವಾಗ ಮೋಟರ್ ತಂತಿ ಕಿತ್ತರೆ ಡ್ರೈವರ್ ಹೋಗುತ್ತದೆ.

ಜೋಡಿಸುವ ಮೊದಲು ಗ್ಯಾಂಟ್ರಿಯನ್ನು ಎರಡೂ ಬದಿಗೆ ಒಂದೇ ಅಳತೆಯಲ್ಲಿ ನಿಲ್ಲಿಸಿ. ಆಮೇಲೆ ಕಪ್ಲಿಂಗ್ ಬಿಗಿ ಮಾಡಿ.

ಟಿಳಕವಾಡಿ_ಬಡಗಿ

ಆಯಿತು ಸರ್, ಎರಡೂ ಒಂದೇ ಕಡೆ ತಿರುಗುತ್ತಿವೆ. ಕಾಕಾ, ನೀವು ಪ್ಯಾಟರ್ನ್ (ಎರಕದ ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ) ಕೆಲಸದವರು ಅಂತ ಕಾಣುತ್ತದೆ. ಉದ್ಯಮಬಾಗದ ಫೌಂಡ್ರಿಗಳಿಗೆ ಮರದ ಪ್ಯಾಟರ್ನ್ ಇದರಲ್ಲಿ ಮಾಡಬಹುದಾ?

ಫೌಂಡ್ರಿಕಾಕಾ

ಚಿಕ್ಕವು ಧಾರಾಳವಾಗಿ ಮಾಡಬಹುದು. ಬೀಡಿನ ಎರಕಕ್ಕೆ ಮೀಟರಿಗೆ 10 ಎಂಎಂ ಕುಗ್ಗುವ ಲೆಕ್ಕ ಸೇರಿಸಬೇಕು. ಕಂಪ್ಯೂಟರಿನಲ್ಲಿ ಡ್ರಾಯಿಂಗನ್ನು 1.01 ಪಟ್ಟು ಹಿಗ್ಗಿಸಿದರೆ ಆಯಿತು. ನಾವು ಅದಕ್ಕೆ ಬೇರೆ ಅಳತೆಪಟ್ಟಿಯನ್ನೇ ಇಟ್ಟುಕೊಳ್ಳುತ್ತಿದ್ದೆವು. ಆದರೆ ಪ್ಯಾಟರ್ನ್ ಮರಳಿನಿಂದ ಎದ್ದು ಬರಬೇಕು, ಗೋಡೆಗೆ ಒಂದೆರಡು ಡಿಗ್ರಿ ಇಳಿಜಾರು ಕೊಡಲೇಬೇಕು. ಅದಕ್ಕೆ ಟೇಪರ್ ಬಿಟ್ ಬೇಕಾಗುತ್ತದೆ. ಬೇರೆ ಥ್ರೆಡ್ ತೆಗೆ, ಅಲ್ಲಿ ಬರೆಯುತ್ತೇನೆ.